ಮಣ್ಣನ್ನು ಓದಲು ಕಲಿಸುವವರು

ಕೆನಡಾ ದೇಶದ ವಿನಿಪೆಗ್ ನಗರದ ಹೊರವಲಯದಲ್ಲಿರುವ ಟ್ರಾನ್ಸ್‌ಕೋನಾ ಎಂಬಲ್ಲಿ, ಕೆನಡಿಯನ್ ಪೆಸಿಫಿಕ್ ರೈಲ್ವೆಯವರು ಧಾನ್ಯದ ದಾಸ್ತಾನಿಗೆಂದು ಕಟ್ಟಿಸಿದ ಮಹಾ ಕಣಜವೊಂದು 1913ರ ಶರತ್ಕಾಲದಲ್ಲಿ ಸಿದ್ಧವಾಯಿತು. ದುಂಡನೆಯ 65 ಕಾಂಕ್ರೀಟು ಕೋಠಿಗಳು ಒತ್ತೊತ್ತಾಗಿ ಒಂದೇ ಚಪ್ಪಡಿಪಾಯದ ಮೇಲೆ ನಿಂತು, ಹತ್ತು ಲಕ್ಷ ಬುಶೆಲ್ ಧಾನ್ಯವನ್ನು ಹಿಡಿಯುವಂತೆ ರಚಿತವಾಗಿದ್ದ ಆ ಕಟ್ಟಡಕ್ಕೆ ಕಾಳು ತುಂಬುತ್ತ ಬಂದು, ಅದು ಎಂಟೂಮುಕ್ಕಾಲು ಲಕ್ಷ ಬುಶೆಲ್‌ಗಳ ಸುಮಾರಿಗೆ ಮುಟ್ಟಿದಾಗ, ಅಕ್ಟೋಬರ್ 18ರಂದು, ಕಣಜವು ನೆಲದೊಳಕ್ಕೆ ಇಳಿಯತೊಡಗಿತು. ಒಂದು ಗಂಟೆಯೊಳಗೆ ಅಡಿಯಷ್ಟು ತಗ್ಗಿದ ಅದು, ಬಳಿಕ ಪಶ್ಚಿಮ ದಿಕ್ಕಿಗೆ ವಾಲುತ್ತ ಹೋಗಿ, ಮರುದಿನದ ವೇಳೆಗೆ ಸುಮಾರು 27 ಡಿಗ್ರಿಗಳಷ್ಟು ಓರೆಯಾಗಿ ನಿಂತಿತು. ಕಾಂಕ್ರೀಟಿಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ತಗುಲಿರಲಿಲ್ಲ. ಆದುದರಿಂದಲೇ ಕೆಳಗಿನ ಬಂಡೆಯವರೆಗೆ ಸ್ತಂಭಗಳನ್ನು ಇಳಿಸಿ, ಅದನ್ನು ಮೆಲ್ಲಮೆಲ್ಲನೆ ಎತ್ತಿ ಮತ್ತೆ ನೆಟ್ಟಗೆ ನಿಲ್ಲಿಸುವುದು ಸಾಧ್ಯವಾಯಿತು.

ಕಟ್ಟುವ ಮುನ್ನ ನೆಲವನ್ನು ಪರೀಕ್ಷಿಸಿರಲಿಲ್ಲವೆಂದಲ್ಲ. ಪಾಯದ ಮಟ್ಟದಲ್ಲಿ ಚಿಕ್ಕದೊಂದು ಫಲಕವನ್ನಿಟ್ಟು, ಅದರ ಮೇಲೆ ಭಾರ ಹೇರಿ ನೋಡಿದ್ದರು. ನೆಲ ಗಟ್ಟಿಯಾಗಿಯೇ ತೋರಿತ್ತು. ಆದರೆ ಚಿಕ್ಕ ಫಲಕದ ಒತ್ತಡ ಅದರ ಅಗಲದ ಒಂದೆರಡು ಪಟ್ಟು ಆಳಕ್ಕೆ ಮಾತ್ರ ಮುಟ್ಟುತ್ತದೆ; ವಿಶಾಲವಾದ ಚಪ್ಪಡಿಯ ಒತ್ತಡವಾದರೋ ಬಹು ಆಳಕ್ಕೆ ಇಳಿಯುತ್ತದೆ. ಫಲಕವು ಅರಿಯದೆ ಹೋದ ಆ ಆಳದಲ್ಲಿ ಮೆತ್ತನೆಯ ಜೇಡಿಯ ಪದರವಿದ್ದಿತು. ಮೇಲಿನ ಪರೀಕ್ಷೆ ಕೆಳಗಿನ ಸಂಗತಿಯನ್ನು ಹೇಳಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳತಕ್ಕ ಶಾಸ್ತ್ರ ಆ ಕಾಲಕ್ಕೆ ಹುಟ್ಟಿರಲಿಲ್ಲ. ಇಂದು ಶಾಸ್ತ್ರವಿದೆ, ಅದರ ಪಠ್ಯಪುಸ್ತಕಗಳಿವೆ, ನಮ್ಮ ರಾಜ್ಯದ ಪ್ರತಿಯೊಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿಯೂ ಅದನ್ನು ಬೋಧಿಸುತ್ತಾರೆ. ಆದರೂ ಆ ಪ್ರಶ್ನೆಯನ್ನು ತಕ್ಕ ಸಮಯದಲ್ಲಿ, ತಕ್ಕ ಸ್ಥಳದಲ್ಲಿ ನಿಂತು ಕೇಳುವ ಅಭ್ಯಾಸವು ಪುಸ್ತಕದಿಂದ ಬರುವುದಿಲ್ಲ, ಅದನ್ನು ಕೇಳಿ ಕೇಳಿ ಪಳಗಿದವರೊಬ್ಬರ ಜೊತೆಯಲ್ಲಿದ್ದು ಪಡೆಯಬೇಕಾದದ್ದು ಎಂಬುದೇ ಈ ಲೇಖನದಲ್ಲಿ ನಾನು ಪ್ರತಿಪಾದಿಸಬೇಕೆಂದಿರುವ ಸಂಗತಿ.

ಕಬ್ಬಿಣವೂ ಸಿಮೆಂಟೂ ಕಾರ್ಖಾನೆಯಲ್ಲಿ ತಯಾರಾಗುವ ಪದಾರ್ಥಗಳು. ಅವುಗಳ ಗುಣವನ್ನು ಮೊದಲೇ ನಿಷ್ಕರ್ಷಿಸಿ, ಪರೀಕ್ಷಿಸಿ, ಬೇಕಾದಂತೆ ತರಿಸಿಕೊಳ್ಳಬಹುದು. ನೆಲವನ್ನು ಹಾಗೆ ತರಿಸಿಕೊಳ್ಳಲಾಗದು. ಯಾವ ನಿವೇಶನ ದೊರೆಯಿತೋ ಆ ನಿವೇಶನದ ಮಣ್ಣು ಹೇಗಿದೆಯೋ ಹಾಗೆ ಅದನ್ನು ಅಂಗೀಕರಿಸಿ ಕಟ್ಟಬೇಕು. ಒಂದು ಎಕರೆಯಲ್ಲಿ ನಾಲ್ಕೈದು ಬೋರು ಹಾಕಿಸಿದರೂ, ಅದರಿಂದ ಕೈಗೆ ಬಂದು ಕಣ್ಣಿಗೆ ಬಿದ್ದ ಮಣ್ಣು ಕಟ್ಟಡದ ಭಾರವನ್ನು ಹೊರಬೇಕಾದ ಮಣ್ಣಿನ ಲಕ್ಷದಲ್ಲೊಂದು ಪಾಲೂ ಆಗದು, ಉಳಿದುದೆಲ್ಲ ಊಹೆ. ಈ ಊಹೆಯನ್ನು ಯುಕ್ತಿಯುಕ್ತವಾಗಿ ಮಾಡುವವನೇ ಜಿಯೋಟೆಕ್ನಿಕಲ್ ಎಂಜಿನಿಯರ್. ಮನೆಯ ಪಾಯ, ಸೇತುವೆಯ ಕಂಬದ ಬುಡ, ಅಣೆಕಟ್ಟಿನ ತಳ, ಸುರಂಗದ ಮೈ, ಘಟ್ಟದ ರಸ್ತೆಯ ಇಳಿಜಾರು—ಇವೆಲ್ಲ ಅವನ ವಿಷಯ. ಅವನ ಕೆಲಸ ನೆಟ್ಟಗಾದರೆ ಅದು ಮಣ್ಣಿನಡಿ ಮರೆಯಾಗಿ ಹೋಗುತ್ತದೆ. ಕೆಟ್ಟರೆ ಮಾತ್ರ ಊರಿಗೆಲ್ಲ ಕಾಣುತ್ತದೆ.

ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟವರು ಕಾರ್ಲ್ ಟರ್ಜಾಗಿ. 1883ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದ ಅವರು, ಟ್ರಾನ್ಸ್‌ಕೋನಾದ ಕಣಜ ಏಳುತ್ತಿದ್ದ ಅವೇ ದಿನಗಳಲ್ಲಿ, ಅಂದರೆ 1912-13ರಲ್ಲಿ, ಅಮೆರಿಕದ ಅಣೆಕಟ್ಟುಗಳ ಕಾಮಗಾರಿಗಳನ್ನು ಸುತ್ತುತ್ತ, ಎಲ್ಲಿ ಯಾವ ನೆಲದ ಮೇಲೆ ಕಟ್ಟಿದ್ದು ಹೇಗೆ ನಡೆದುಕೊಂಡಿತೆಂಬ ವೃತ್ತಾಂತಗಳನ್ನು ರಾಶಿ ರಾಶಿಯಾಗಿ ಸಂಗ್ರಹಿಸಿದರು. ಹಾಗೆ ಸಂಗ್ರಹಿಸಿದ್ದೆಲ್ಲ ಕೊನೆಗೆ ನಿಷ್ಪ್ರಯೋಜಕವೆಂದು ಅವರಿಗೇ ತೋರಿತು. ‘ಜೇಡಿ’, ‘ಮರಳು’ ಎಂದು ಹೆಸರಿಟ್ಟ ಮಾತ್ರಕ್ಕೆ ಎರಡು ಊರುಗಳ ಜೇಡಿ ಒಂದೇ ಆಗದಷ್ಟೆ. ಮಣ್ಣಿನ ಗುಣವನ್ನು ಅಂಕಿಗಳಲ್ಲಿ ಅಳೆಯದ ಹೊರತು ಒಬ್ಬನ ಅನುಭವ ಇನ್ನೊಬ್ಬನಿಗೆ ದಕ್ಕದು. ಮುಂದೆ ಇಸ್ತಾಂಬುಲ್ ನಗರದಲ್ಲಿ ಅಧ್ಯಾಪಕರಾಗಿದ್ದಾಗ, ಸಿಗಾರಿನ ಪೆಟ್ಟಿಗೆಗಳಿಂದಲೂ ಕಾಲೇಜಿನವರು ಬಿಸಾಡಿದ ಸಾಮಾನುಗಳಿಂದಲೂ ಉಪಕರಣಗಳನ್ನು ತಾವೇ ಹೂಡಿಕೊಂಡು, ನೀರು ತುಂಬಿದ ಜೇಡಿಯು ಭಾರಕ್ಕೆ ಸಿಕ್ಕಿದಾಗ ಮೊದಲು ಆ ಭಾರವನ್ನು ಹೊರುವುದು ನೀರು, ನೀರು ಮೆಲ್ಲನೆ ಹಿಂಡಿಹೋದಂತೆಲ್ಲ ಹೊರೆಯು ಮಣ್ಣಿನ ಕಣಗಳ ಮೇಲೆ ಬೀಳುತ್ತದೆ ಎಂಬ ತತ್ತ್ವವನ್ನು ಕಂಡುಕೊಂಡರು. ಕಟ್ಟಡವೊಂದು ಕಟ್ಟಿ ಮುಗಿದ ವರ್ಷಗಳ ಮೇಲೂ ಕುಳಿತುಕೊಳ್ಳುತ್ತಲೇ ಇರುವುದೇಕೆಂಬ ರಹಸ್ಯ ಬಯಲಾದದ್ದು ಹೀಗೆ. 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವರ ಜರ್ಮನ್ ಗ್ರಂಥದಿಂದಲೇ ಈ ಶಾಸ್ತ್ರದ ಆಯುಸ್ಸನ್ನು ಎಣಿಸುವುದು ವಾಡಿಕೆ.

ಟರ್ಜಾಗಿಯವರ ಮಹತ್ತ್ವವನ್ನು ಅವರ ಸಮೀಕರಣಗಳಲ್ಲಿ ಹುಡುಕುವಷ್ಟೇ ಅವರ ಶಿಷ್ಯರಲ್ಲಿಯೂ ಹುಡುಕಬೇಕು. ಆಸ್ಟ್ರಿಯಾದಿಂದ 1926ರಲ್ಲಿ ಅಮೆರಿಕಕ್ಕೆ ಬಂದ ತರುಣ ಆರ್ಥರ್ ಕಾಸಾಗ್ರಾಂಡೆ ಅವರಿಗೆ ಸಹಾಯಕರಾದರು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು ಹಿಡಿಕೆ ತಿರುಗಿಸುವ ಹಿತ್ತಾಳೆಯ ಬಟ್ಟಲು ಅವರು ರೂಪಿಸಿದ್ದು: ಒದ್ದೆ ಮಣ್ಣಿನಲ್ಲಿ ಗೀರು ಎಳೆದು, ಬಟ್ಟಲನ್ನು ಸೆಕೆಂಡಿಗೆ ಎರಡರಂತೆ ಕುಟ್ಟಿಸಿ, 25 ಏಟಿಗೆ ಗೀರು ಮುಚ್ಚಿಕೊಳ್ಳುವಷ್ಟು ತೇವ ಎಷ್ಟೆಂದು ಕಂಡುಹಿಡಿಯುವುದು. ಮೊದಲ ಅಂತರರಾಷ್ಟ್ರೀಯ ಮಣ್ಣುಶಾಸ್ತ್ರ ಸಮ್ಮೇಳನವನ್ನು 1936ರಲ್ಲಿ ಹಾರ್ವರ್ಡಿನಲ್ಲಿ ನೆರವೇರಿಸಿದವರೂ ಅವರೇ. ಆದರೆ ಗುರುಶಿಷ್ಯ ಸಂಬಂಧದ ನಿಜವಾದ ಮಾದರಿ ಕಾಣುವುದು ಮೂರನೆಯವರಾದ ರಾಲ್ಫ್ ಪೆಕ್ ಅವರ ವೃತ್ತಾಂತದಲ್ಲಿ.

ಪೆಕ್ ಅವರು ಹುಟ್ಟಿದ್ದು 1912ರಲ್ಲಿ, ಅದೇ ವಿನಿಪೆಗ್ ನಗರದಲ್ಲಿ. ತಂದೆ ರೈಲ್ವೆಯ ಸೇತುವೆಗಳ ಎಂಜಿನಿಯರ್. ಮಗನೂ ಸೇತುವೆಗಳನ್ನೇ ಕುರಿತು ಡಾಕ್ಟರೇಟ್ ಪಡೆದವರು. ಮಣ್ಣಿನ ಕಡೆಗೆ ಅವರು ತಿರುಗಿದ್ದು 1938ರಲ್ಲಿ, ಹಾರ್ವರ್ಡಿಗೆ ಬಂದ ಮೇಲೆ. ಅಷ್ಟರಲ್ಲಿ ಷಿಕಾಗೋ ನಗರದಲ್ಲಿ ನೆಲದಡಿಯ ರೈಲುಮಾರ್ಗದ ಕೆಲಸ ಆರಂಭವಾಗಿ, ಟರ್ಜಾಗಿಯವರು ಅದಕ್ಕೆ ಸಲಹೆಗಾರರಾಗಿದ್ದರು. ಸುರಂಗ ಹೋಗಬೇಕಾದದ್ದು ಮೆತ್ತನೆಯ ಜೇಡಿಯಲ್ಲಿ. ಮೇಲೆ ಎತ್ತರವಾದ ಕಟ್ಟಡಗಳು. ಸ್ಥಳದಲ್ಲಿಯೇ ಇದ್ದು ನೋಡಿಕೊಳ್ಳುವ ಒಬ್ಬ ತರುಣ ಬೇಕಾಗಿದ್ದನು. 1939ರ ಆರಂಭದಲ್ಲಿ ಪೆಕ್ ಅವರನ್ನು ಅಲ್ಲಿಗೆ ಕಳುಹಿಸಿದರು.

ಆ ತರುಣನು ಅಲ್ಲಿ ಮಾಡಿದ್ದೇನು? ಸುರಂಗದೊಳಕ್ಕೆ ಇಳಿದು, ಅಗೆಯುತ್ತಿದ್ದ ಮುಖದಿಂದ ಮಣ್ಣಿನ ಮಾದರಿಗಳನ್ನು ತಂದು, ತಾನೇ ಕಟ್ಟಿದ ಪ್ರಯೋಗಶಾಲೆಯಲ್ಲಿ ಒತ್ತಿ ಪರೀಕ್ಷಿಸಿದ್ದು. ಅಗೆತ ಮುಂದುವರಿದಂತೆ ಜೇಡಿಯು ಒಳಕ್ಕೆ ಎಷ್ಟು ಸರಿಯಿತೆಂದು ಅಳೆದದ್ದು. ಮೇಲಿನ ಬೀದಿಯ ಮಟ್ಟ ಎಷ್ಟು ತಗ್ಗಿತೆಂದು ಅಳೆದದ್ದು. ಇವೆರಡಕ್ಕೂ ಇರುವ ಸಂಬಂಧವನ್ನು ಗುರುತಿಸಿದ್ದು. ಇದನ್ನೆಲ್ಲ ಬರೆದು ಗುರುವಿಗೆ ಕಳುಹಿಸಬೇಕಾಗಿತ್ತು. ದೂರದಲ್ಲಿದ್ದ ಗುರು ಪತ್ರಮುಖೇನ ಪ್ರಶ್ನೆಗಳನ್ನು ಕೇಳುತ್ತಿದ್ದರು. ಆಗಾಗ್ಗೆ ಬಂದು ಸುರಂಗದಲ್ಲಿ ಜೊತೆಗೆ ನಡೆಯುತ್ತಿದ್ದರು. ಇಲ್ಲಿ ಗಮನಿಸತಕ್ಕದ್ದು ಒಂದುಂಟು: ಗುರುವು ಶಿಷ್ಯನಿಗೆ ಸಿದ್ಧವಾದ ಉತ್ತರಗಳನ್ನು ಕೊಟ್ಟು ಕಳುಹಿಸಲಿಲ್ಲ, ಉತ್ತರವಿಲ್ಲದ ಪ್ರಶ್ನೆಯೊಂದರ ಮುಂದೆ ಅವನನ್ನು ನಿಲ್ಲಿಸಿದರು, ಆದರೆ ಒಂಟಿಯಾಗಿ ಬಿಟ್ಟುಹೋಗಲಿಲ್ಲ. ಇವೆರಡೂ ಒಟ್ಟಿಗೆ ಸೇರಿದಾಗ ಮಾತ್ರ ಶಿಕ್ಷಣವೆಂಬುದು ಉಂಟಾಗುತ್ತದೆ. 1943ರಲ್ಲಿ ಷಿಕಾಗೋದ ಸುರಂಗದಲ್ಲಿ ರೈಲು ಓಡಿತು. 1948ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬರೆದ ಗ್ರಂಥ ಹೊರಬಂದು, ಲೋಕದ ಎಂಜಿನಿಯರರಿಗೆಲ್ಲ ಪಾಠವಾಯಿತು.

ಪೆಕ್ ಅವರು 1942ರಿಂದ 1974ರವರೆಗೆ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ ನಡೆಸಿ, ತಾವು ಪಡೆದುದನ್ನು ತಮ್ಮ ವಿದ್ಯಾರ್ಥಿಗಳಿಗೆ ದಾಟಿಸಿದರು. ನೆಲದ ಎಂಜಿನಿಯರನಿಗೆ ಮೂರು ಬಗೆಯ ತಿಳಿವಳಿಕೆ ಬೇಕೆಂದು ಅವರು 1962ರಲ್ಲಿ ಬರೆದರು: ಪೂರ್ವದೃಷ್ಟಾಂತಗಳ ಪರಿಚಯ, ಮಣ್ಣುಶಾಸ್ತ್ರದ ಪರಿಚಯ, ಭೂವಿಜ್ಞಾನದ ಪರಿಚಯ. ಪೂರ್ವದೃಷ್ಟಾಂತವನ್ನು ಅವರು ಮೊದಲಿಗೇ ಇಟ್ಟದ್ದು ಅರ್ಥವತ್ತಾಗಿದೆ. ಹಿಂದೆ ಇಂಥದೇ ನೆಲದ ಮೇಲೆ ಇಂಥದೇ ಕಟ್ಟಡ ಹೇಗೆ ನಡೆದುಕೊಂಡಿತೆಂಬುದು ಬಹುಮಟ್ಟಿಗೆ ಬರಹಕ್ಕೆ ಇಳಿಯದೆ, ಹಿರಿಯರ ನೆನಪಿನಲ್ಲಿಯೇ ಉಳಿದಿರುತ್ತದೆ. 1969ರಲ್ಲಿ ಲಂಡನ್ನಿನ ರಾಂಕಿನ್ ಉಪನ್ಯಾಸದಲ್ಲಿ ಅವರು ವಿವರಿಸಿದ ವಿಧಾನವೂ ಇದಕ್ಕೆ ಪೂರಕವಾದದ್ದು: ನೆಲ ಹೇಗಿರುವ ಸಂಭವ ಹೆಚ್ಚೋ ಅದಕ್ಕೆ ತಕ್ಕಂತೆ ವಿನ್ಯಾಸ ಮಾಡು, ಅತಿ ಕೆಟ್ಟದ್ದೇನಾಗಬಹುದೆಂದು ಮೊದಲೇ ಯೋಚಿಸಿ ಅದಕ್ಕೂ ಉಪಾಯ ಸಿದ್ಧವಾಗಿಟ್ಟುಕೋ, ಕಟ್ಟುತ್ತ ಅಳೆಯುತ್ತ ಹೋಗು, ಅಳತೆಯು ಊಹೆಗೆ ವಿರುದ್ಧವಾಗಿ ಬಂದರೆ ಕೂಡಲೇ ಬದಲಿಸು. ಈ ವಿಧಾನದಲ್ಲಿ ಕಟ್ಟಡದ ಕ್ಷೇಮವೆಲ್ಲ ಅಳತೆಯನ್ನು ಓದುವವನ ಕಣ್ಣನ್ನು ಅವಲಂಬಿಸಿರುತ್ತದೆ, ಮತ್ತು ಆ ಓದುವವನು ಸಾಮಾನ್ಯವಾಗಿ ಕೆಲಸಕ್ಕೆ ಆಗತಾನೆ ಸೇರಿದ ತರುಣನೇ ಆಗಿರುತ್ತಾನೆ.

ಟ್ರಾನ್ಸ್‌ಕೋನಾದ ಕಣಜದ ಪಕ್ಕದಲ್ಲಿ ಬೋರು ಹಾಕಿಸಿ, ಟರ್ಜಾಗಿಯವರ ಸೂತ್ರದ ಪ್ರಕಾರ ಆ ನೆಲ ಎಷ್ಟು ಭಾರವನ್ನು ತಾಳಬಹುದಿತ್ತೆಂದು ಲೆಕ್ಕ ಹಾಕಿ, 1953ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಲೇಖನ ಬರೆದವರೂ ಪೆಕ್ ಅವರೇ. ಕಣಜ ಕುಸಿದಾಗ ನೆಲದ ಮೇಲಿದ್ದ ಭಾರಕ್ಕೂ ಸೂತ್ರ ಹೇಳಿದ ಭಾರಕ್ಕೂ ಬಹುತೇಕ ತಾಳೆಬಿದ್ದಿತು.

ಹಿರಿಯರ ಜೊತೆಯಲ್ಲಿ ಕಲಿಯುವ ಹಂಬಲ ಈ ವೃತ್ತಿಗೆ ಹೊಸದೇನೂ ಅಲ್ಲ. ಲಂಡನ್ನಿನ ಒಂದು ಕಾಫಿ ಮನೆಯಲ್ಲಿ 1818ರಲ್ಲಿ ಕೆಲವು ತರುಣ ಎಂಜಿನಿಯರರು ಸೇರಿ, ತಮ್ಮ ಕಸಬನ್ನು ಕಲಿಸುವ ಕಾಲೇಜಿಲ್ಲದ ಕಾಲದಲ್ಲಿ ಪರಸ್ಪರ ಕಲಿಯುವುದಕ್ಕಾಗಿ ಸಂಸ್ಥೆಯೊಂದನ್ನು ಹೂಡಿದರು. ಎರಡು ವರ್ಷಗಳ ಮೇಲೆ ಹಿರಿಯರಾದ ಥಾಮಸ್ ಟೆಲ್‌ಫರ್ಡರನ್ನು ಅಧ್ಯಕ್ಷತೆಗೆ ಕರೆತಂದರು. ಇಂದು ಜಗತ್ಪ್ರಸಿದ್ಧವಾಗಿರುವ ಸಿವಿಲ್ ಎಂಜಿನಿಯರರ ಸಂಸ್ಥೆಯ ಮೂಲವಿದು. ನಮ್ಮ ದೇಶದಲ್ಲಿ 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ತೆರೆದದ್ದು ಗಂಗಾ ಕಾಲುವೆಗೆ ಜನ ಬೇಕಾಗಿದ್ದರೆಂಬ ಕಾರಣದಿಂದ. ಪಾಠಶಾಲೆಯೂ ಕಾಮಗಾರಿಯೂ ಒಂದರ ಮಗ್ಗುಲಲ್ಲಿ ಒಂದಿದ್ದವು. ಪುಣೆಯಲ್ಲಿ ಓದಿ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ವಿಶ್ವೇಶ್ವರಯ್ಯನವರ ಮೊದಮೊದಲ ಕೆಲಸಗಳಲ್ಲಿ ಒಂದು, ಖಾನದೇಶದ ಪಾಂಝರಾ ನದಿಯ ಪ್ರದೇಶದಲ್ಲಿ ಕೊಳವೆಯ ಸೈಫನ್ ಹಾಕುವುದಾಗಿತ್ತು. ಮಳೆಗಾಲದ ಪ್ರವಾಹ ಅಡ್ಡಬರಲು, ಕೆಲಸವನ್ನು ಮುಂದಕ್ಕೆ ಹಾಕಬಹುದೇ ಎಂದು ಬರೆದರು, ಮೇಲಧಿಕಾರಿಯು ಒಪ್ಪಲಿಲ್ಲ, ತರುಣ ಅಧಿಕಾರಿ ಮಳೆಯಲ್ಲಿಯೇ ನಿಂತು ಅದನ್ನು ಮುಗಿಸಿದರು. ಅದು ನಿಷ್ಠುರವಾದ ಶಿಕ್ಷಣವೇ ಸರಿ. ಆದರೂ ಆ ಮೇಲಧಿಕಾರಿಗೆ ತನ್ನ ಕಿರಿಯನು ಎಲ್ಲಿ ಏನು ಮಾಡುತ್ತಿದ್ದಾನೆಂಬುದು ಗೊತ್ತಿತ್ತು. ಇಂದು ಎಷ್ಟೋ ಕಡೆ ಅಷ್ಟೂ ಇಲ್ಲ.

ನಮ್ಮ ರಾಜ್ಯದ ನೆಲವನ್ನೇ ತೆಗೆದುಕೊಳ್ಳೋಣ. ಧಾರವಾಡ, ಗದಗ, ವಿಜಯಪುರಗಳ ಎರೆಭೂಮಿಯು ಮಳೆಗೆ ಉಬ್ಬಿ, ಬೇಸಗೆಗೆ ಕೈ ಹಿಡಿಸುವಷ್ಟು ಬಿರುಕುಬಿಟ್ಟು, ಹಗುರವಾದ ಮನೆಗಳ ಗೋಡೆಗಳನ್ನು ಮೂಲೆಯಿಂದ ಮೂಲೆಗೆ ಸೀಳಿಬಿಡುತ್ತದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ, ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಪೈಲುಗಳನ್ನು ರೂಢಿಗೆ ತಂದರು. ಋತುಮಾನದ ಒಣಗು-ತೇವ ಮುಟ್ಟದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರಿಗೆ, ಅವನ್ನು ಇಳಿಸುವುದು ಪದ್ಧತಿ. ಮಲಪ್ರಭಾ ಯೋಜನೆಯ ಕಾಲುವೆಗಳು ಇದೇ ಎರೆಯಲ್ಲಿ ಹಾದುಹೋಗಬೇಕಾಗಿ ಬಂದಾಗ, ಮುಂಬಯಿಯ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ತೋರಿಸಿದ ಉಪಾಯ ಇನ್ನೂ ಸ್ವಾರಸ್ಯವಾದದ್ದು. ಎರೆಯ ಉಬ್ಬುವ ಬಲ ಅಷ್ಟು ಪ್ರಚಂಡವಾಗಿದ್ದರೂ, ಬಯಲಿನಲ್ಲಿ ನೋಡಿದರೆ, ಮೇಲಿನಿಂದ ಒಂದು ಮೀಟರಿಗೆ ಸ್ವಲ್ಪ ಹೆಚ್ಚು ಕೆಳಗೆ ಉಬ್ಬುವಿಕೆಯೇ ಕಾಣುವುದಿಲ್ಲ; ಮೇಲಿನ ಅಷ್ಟು ಮಣ್ಣಿನ ಭಾರ ಮಾತ್ರವೇ ಅದನ್ನು ತಡೆಯಲು ಸಾಲದು. ಈ ಅವಲೋಕನವನ್ನು ಹಿಡಿದು ಹೋಗಿ, ಉಬ್ಬದಿದ್ದರೂ ಅಂಟುಗುಣವುಳ್ಳ ಬೇರೆ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಎರೆಯ ಮೇಲೆ ಹಾಸಿ ದಮ್ಮಸು ಮಾಡಿದರೆ, ಕೆಳಗಿನ ಎರೆ ತೆಪ್ಪಗಿರುತ್ತದೆಂದು ಅವರು ತೋರಿಸಿಕೊಟ್ಟರು. ಇದು ಮುಂದೆ ಭಾರತೀಯ ಮಾನಕ ಸಂಸ್ಥೆಯ ನಿಯಮಾವಳಿಯಲ್ಲಿಯೂ ಸೇರಿತು.

ಕರಾವಳಿಗೆ ಇಳಿದರೆ ಸಂಗತಿಯೇ ಬೇರೆ. ಮೇಲೆ ಗಟ್ಟಿಯಾದ ಮುರಕಲ್ಲು. ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಬೇಸಗೆಯಲ್ಲಿ ಕಡಿದರೆ ಗೋಡೆಯಂತೆ ನೇರವಾಗಿ ನಿಲ್ಲುವ ಈ ಮಣ್ಣು, ಮುಂಗಾರಿನ ನೀರು ಕುಡಿದ ಮೇಲೆ ತನ್ನ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಏಪ್ರಿಲಿನಲ್ಲಿ ಅಗೆತವನ್ನು ನೋಡಿ ‘ಚೆನ್ನಾಗಿದೆ’ ಎಂದು ಬರೆದ ಹೊಸಬನ ವರದಿಗೂ, ಹತ್ತು ಮಳೆಗಾಲಗಳನ್ನು ಮಂಗಳೂರಿನಲ್ಲಿ ಕಂಡವರ ವರದಿಗೂ ಇರುವ ಅಂತರ ಯಾವ ಸಾಫ್ಟ್‌ವೇರಿನಿಂದಲೂ ತುಂಬಿಬರುವಂಥದಲ್ಲ.

ಬೆಂಗಳೂರಿನ ನೆಲದ ವಂಚನೆ ಇನ್ನೊಂದು ಬಗೆಯದು. ಇಲ್ಲಿಯ ಗ್ರಾನೈಟು ಮತ್ತು ನೈಸ್ ಶಿಲೆಗಳು ಮೇಲಿನಿಂದ ಕೆಳಕ್ಕೆ ಒಂದೇ ಸಮನಾಗಿ ಶಿಥಿಲವಾಗಿಲ್ಲ. ಪುಡಿಯಾದ ಮಣ್ಣಿನ ನಡುವೆ ಶಿಥಿಲವಾಗದೆ ಉಳಿದ ದುಂಡು ಬಂಡೆಗಳು ಹುದುಗಿರುತ್ತವೆ. ನಗರದ ಹೊರವಲಯದ ನಿವೇಶನವೊಂದರಲ್ಲಿ ನಾನು ಹತ್ತಿರದಿಂದ ಕಂಡ ಪಾಠವೊಂದು ಇದಕ್ಕೆ ಸಂಬಂಧಪಟ್ಟದ್ದು. ಬೋರು ಕೊರೆಯುವ ರಿಗ್ಗಿನ ಪಕ್ಕದಲ್ಲಿ ನಿಂತಿದ್ದ ಹುಡುಗ, ಆಗತಾನೆ ಕಾರಿನಿಂದ ಇಳಿದ ಹಿರಿಯರಿಗೆ ಹೇಳಿದನು:

“ಸರ್, ಒಂಬತ್ತು ಮೀಟರಿಗೆ ರಾಕ್ ಬಂತು. ರಿಫ್ಯೂಸಲ್. ಬೋರ್ ನಿಲ್ಲಿಸ್ಬಹುದು.”

“ರಾಕ್ ಅಂತ ಯಾರು ಹೇಳಿದ್ರಪ್ಪ?”

“ಡ್ರಿಲ್ಲರ್ ಹೇಳಿದ್ರು, ಸರ್.”

“ಅವರು ಹೇಳಿದ್ದು ಇರ್ಲಿ. ನೀನು ಏನು ನೋಡ್ದೆ, ಅದನ್ನ ಹೇಳು.”

ಹುಡುಗ ಸುಮ್ಮನಾದನು. ಹಿರಿಯರು ಗದರಲಿಲ್ಲ. ಕೋರ್ ತೆಗೆಯುವ ಬ್ಯಾರಲ್ ಹಾಕಿಸಿ, ಇನ್ನೂ ಮೂರು ಮೀಟರ್ ಕೊರೆಯುವಂತೆ ಹೇಳಿ, ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಜೊತೆಗೇ ಕಾದರು. ಒಂದು ಮೀಟರಿಗೆ ತುಸು ಹೆಚ್ಚು ಕಲ್ಲಿನ ಕೋರ್ ಬಂದ ಮೇಲೆ, ಬ್ಯಾರಲಿನಿಂದ ಹೊರಬಂದದ್ದು ಮತ್ತೆ ಹಳದಿ ಬಣ್ಣದ ಮರಳುಮಿಶ್ರಿತ ಮಣ್ಣು. ಹಿರಿಯರು ಅದರಲ್ಲಿ ಒಂದು ಚಿಟಿಕೆಯನ್ನು ಹುಡುಗನ ಅಂಗೈಗೆ ಹಾಕಿ, ನೀರು ಬೆರೆಸಿ ಕಲಸಲು ಹೇಳಿದರು. ಕಲಸಿದ್ದನ್ನು ಅಂಗೈಯಲ್ಲಿಟ್ಟು ಅಲುಗಿಸಿದಾಗ ಮೇಲೆ ನೀರು ಬಂದು ಮಿನುಗಿತು. ಬೆರಳಿನಿಂದ ಒತ್ತಿದಾಗ ಆ ಹೊಳಪು ಮಾಯವಾಯಿತು. ಹಾಗಾದರೆ ಅದು ಜೇಡಿಯಲ್ಲ, ನವಿರಾದ ಸಿಲ್ಟ್. ಪುಸ್ತಕದಲ್ಲಿ ಅರ್ಧ ಪುಟದಲ್ಲಿರುವ ಈ ಪರೀಕ್ಷೆಯನ್ನು ಆ ಹುಡುಗ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದನು. ಅಂಗೈಯಲ್ಲಿ ಕಂಡದ್ದು ಅದೇ ಮೊದಲು.

ಮಣ್ಣಿನ ಗಟ್ಟಿತನವನ್ನು ತಿಳಿಯಲು ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎಸ್‌ಪಿಟಿ ಎಂಬ ಪರೀಕ್ಷೆ. 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಬೋರಿನ ತಳಕ್ಕೆ ಇಳಿಸಿದ ಕೊಳವೆಯನ್ನು ಹೊಡೆದು, ಮೊದಲ 15 ಸೆಂಟಿಮೀಟರನ್ನು ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕಾಯಿತೆಂದು ಎಣಿಸುವುದು. ಈ ಎಣಿಕೆಯೇ ಎನ್ ಅಂಕಿ. ಕೋಟ್ಯಂತರ ರೂಪಾಯಿಗಳ ಕಟ್ಟಡಗಳ ಪಾಯವೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಇಷ್ಟು ಸರಳವಾದ ಪರೀಕ್ಷೆ ಕೆಡುವ ಬಗೆಗಳಾದರೋ ಅನೇಕ. ಹಗ್ಗವನ್ನು ಪೂರ್ತಿ ಸಡಿಲ ಬಿಡದಿದ್ದರೆ ಸುತ್ತಿಗೆ ತನ್ನಷ್ಟಕ್ಕೆ ಬೀಳುವುದಿಲ್ಲ; ಏಟಿನ ಬಲ ಕುಗ್ಗಿ ಎಣಿಕೆ ಏರುತ್ತದೆ; ಮೆತ್ತನೆಯ ಮಣ್ಣು ಗಟ್ಟಿಯೆಂದು ದಾಖಲಾಗುತ್ತದೆ. ನೀರುಮಟ್ಟದ ಕೆಳಗಿನ ಮರಳಿನಲ್ಲಿ ಬೋರಿನೊಳಗೆ ನೀರು ತುಂಬಿಸಿಟ್ಟಿರದಿದ್ದರೆ, ಹೊರಗಿನ ನೀರು ತಳದಿಂದ ನುಗ್ಗಿ ಮರಳನ್ನು ಕದಡಿ, ಎಣಿಕೆ ಇಳಿಯುತ್ತದೆ. ಇವುಗಳಲ್ಲಿ ಮೊದಲನೆಯ ದೋಷ ಅಪಾಯಕಾರಿ, ಎರಡನೆಯದು ದುಂದು; ಎರಡನ್ನೂ ಹಿಡಿಯುವುದಕ್ಕೆ ರಿಗ್ಗಿನ ಪಕ್ಕದಲ್ಲಿ ತಿಳಿದ ಕಣ್ಣೊಂದು ಬೇಕು.

ಆ ಕಣ್ಣು ಅಲ್ಲಿ ಇಲ್ಲದಿದ್ದಾಗ ಏನಾಗುತ್ತದೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಬೋರು ಕೊರೆಯುವವರಿಗೆ ಹಣ ಸಲ್ಲುವುದು ಮೀಟರಿನ ಲೆಕ್ಕದಲ್ಲಿ. ಪರೀಕ್ಷೆಗೆಂದು ನಿಲ್ಲಿಸಿದಷ್ಟೂ ಅವರಿಗೆ ನಷ್ಟ. ಕಾಲೇಜಿನಿಂದ ಹೊರಬಂದು ತಿಂಗಳೂ ಕಳೆಯದ ಹುಡುಗನನ್ನು, ಇಪ್ಪತ್ತು ವರ್ಷ ಸರ್ವಿಸಿನ ಡ್ರಿಲ್ಲರನ ಎದುರು, ಊರಾಚೆಯ ಹೊಲದಲ್ಲಿ ಒಬ್ಬನನ್ನೇ ನಿಲ್ಲಿಸಿದರೆ, ‘ಇನ್ನೊಮ್ಮೆ ಹೊಡೆಯಿರಿ’ ಎಂದು ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಹೆಸರು ಬೇಡ, ಒಂದು ಕಡೆಯ ದಾಖಲೆಯಲ್ಲಿ ಆರು ಬೋರುಗಳಲ್ಲಿಯೂ ಎನ್ ಅಂಕಿಗಳು ಮೆಟ್ಟಿಲಿನಂತೆ ಒಂದೇ ಕ್ರಮದಲ್ಲಿ ಏರುತ್ತ ಹೋದದ್ದನ್ನು ನಾನು ಕಂಡಿದ್ದೇನೆ. ಭೂಮಿಯು ಹಾಗೆ ಎಲ್ಲಿಯೂ ಇರುವುದಿಲ್ಲ. ಅವು ಡೇರೆಯಲ್ಲಿ ಕುಳಿತು ಬರೆದ ಅಂಕಿಗಳು. ಬರೆದವನನ್ನು ಹಳಿಯುವುದಕ್ಕೆ ನನಗೆ ಮನಸ್ಸಿಲ್ಲ. ರಾತ್ರಿ ಎಂಟು ಗಂಟೆಗಾದರೂ ಸರಿ, ‘ಸರ್, ಇಲ್ಲಿ ಹೀಗಾಗುತ್ತಿದೆ’ ಎಂದು ಫೋನು ಮಾಡಬಹುದಾದ ಒಬ್ಬ ಹಿರಿಯರಿದ್ದಿದ್ದರೆ ಅವನು ಹಾಗೆ ಬರೆಯುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಇತರ ವೃತ್ತಿಗಳನ್ನು ನೋಡಿ. ವೈದ್ಯಕೀಯ ಓದಿದವರು ಒಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ದುಡಿಯದೆ ಸ್ವತಂತ್ರವಾಗಿ ಚಿಕಿತ್ಸೆ ನಡೆಸುವಂತಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆನ್ನುವವರಿಗೆ ಆರ್ಟಿಕಲ್‌ಶಿಪ್ ಕಡ್ಡಾಯ. ಅಮೆರಿಕದಲ್ಲಿ ಪದವಿಯ ಸುಮಾರಿನಲ್ಲಿ ಒಂದು ಪರೀಕ್ಷೆ, ಬಳಿಕ ಪರವಾನಗಿ ಪಡೆದ ಎಂಜಿನಿಯರರ ಕೆಳಗೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ, ಇನ್ನೊಂದು ಪರೀಕ್ಷೆ—ಇಷ್ಟಾದ ಮೇಲೆಯೇ ನಕ್ಷೆಗೆ ತನ್ನ ಮುದ್ರೆಯನ್ನೊತ್ತುವ ಅಧಿಕಾರ. ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿರುವ ಕಿರಿಯನಿಗೆ ಇಂಥವರೇ ಹೊಣೆಯೆಂದು ಒಬ್ಬ ಹಿರಿಯ ಎಂಜಿನಿಯರರನ್ನು ಹೆಸರು ಹೇಳಿ ಗೊತ್ತುಮಾಡುವ ಪದ್ಧತಿಯುಂಟು. ಅವನು ಕಲಿತುದನ್ನು ಅವರು ಕಾಲಕಾಲಕ್ಕೆ ಓದಿ ಸಹಿಮಾಡಬೇಕು. ನಮ್ಮಲ್ಲಿ ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆಯಿದೆ. ಎಂಜಿನಿಯರರ ವೃತ್ತಿಗೆ ಅಂಥ ಕೇಂದ್ರ ಕಾಯಿದೆಯಿಲ್ಲ. 1920ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡುವ ಚಾರ್ಟರ್ಡ್ ಎಂಜಿನಿಯರ್ ಎಂಬ ಮನ್ನಣೆ ಇದೆ. ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರಿಂದ ಪದವೀಧರರೂ ಸೇರಿದ್ದಾರೆ. 1948ರಿಂದ ನಡೆದುಬಂದಿರುವ ಭಾರತೀಯ ಜಿಯೋಟೆಕ್ನಿಕಲ್ ಸೊಸೈಟಿಯ ಸಮ್ಮೇಳನಗಳು, ಉಪನ್ಯಾಸಗಳು ಇವೆ. ಇವು ಬೆಲೆಯುಳ್ಳವು. ಆದರೆ ಎರಡು ದಿನದ ಕಾರ್ಯಾಗಾರದಲ್ಲಿ ಪ್ರಮಾಣಪತ್ರ ಪಡೆದು ಬಂದವನನ್ನು ಮೂರನೆಯ ದಿನ ಯಾರು ವಿಚಾರಿಸುತ್ತಾರೆ? ಇಂಥ ಕಿರಿಯನಿಗೆ ಇಂಥ ಹಿರಿಯರು ಹೊಣೆ ಎಂಬ ಕಟ್ಟು ಇಲ್ಲದಿರುವುದೇ ನಮ್ಮ ದೊಡ್ಡ ಕೊರತೆ.

ಇಲ್ಲಿ ಹೆಣ್ಣುಮಕ್ಕಳ ವಿಷಯವನ್ನು ಹೇಳದೆ ಬಿಡಲಾರೆ. ಸಿವಿಲ್ ಎಂಜಿನಿಯರಿಂಗ್ ತರಗತಿಗಳಲ್ಲಿ ಈಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ, ಚೆನ್ನಾಗಿಯೂ ಓದುತ್ತಾರೆ. ಕೆಲಸಕ್ಕೆ ಸೇರಿದೊಡನೆ ‘ಸೈಟು ನಿಮಗೆ ಕಷ್ಟವಮ್ಮ, ಆಫೀಸಿನಲ್ಲೇ ಡಿಸೈನ್ ನೋಡಿಕೊಳ್ಳಿ’ ಎಂದು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕರುಣೆಯೇ ಇರಬಹುದು; ಪರಿಣಾಮ ಮಾತ್ರ ಅನ್ಯಾಯ. ಮಣ್ಣನ್ನು ಮುಟ್ಟದೆ ಹತ್ತು ವರ್ಷ ಕಳೆದ ಎಂಜಿನಿಯರಳಿಗೆ, ಬಂದ ಅಂಕಿಯನ್ನು ಶಂಕಿಸುವ ಆಧಾರವೇ ಇರುವುದಿಲ್ಲ. ಆಮೇಲೆ ‘ಅವರಿಗೆ ಫೀಲ್ಡ್ ಅನುಭವವಿಲ್ಲ’ ಎಂಬ ಕಾರಣಕ್ಕೇ ಬಡ್ತಿ ತಪ್ಪುತ್ತದೆ. ಸೈಟಿನಲ್ಲಿ ಒಂದು ಶೌಚಾಲಯ, ಹೋಗಿಬರಲು ಒಂದು ವಾಹನ, ಜೊತೆಗೆ ಕಲಿಸುವ ಒಬ್ಬ ಹಿರಿಯ—ಇಷ್ಟರಿಂದ ನೀಗುವ ತೊಂದರೆಯನ್ನು ಸ್ವಭಾವಸಿದ್ಧವಾದ ಅಸಾಮರ್ಥ್ಯವೆಂಬಂತೆ ಕಾಣುವುದು ತರವಲ್ಲ.

ಹಿರಿಯರ ಅನುಭವವೂ ಪೋಲಾಗುತ್ತಿದೆ. ಕಟ್ಟಡದ ಹೊಣೆಯ ಅವಧಿ ಮುಗಿದೊಡನೆ ಕಡತ ಕಟ್ಟಿಡುತ್ತಾರೆ. ನೆಲದ ವರದಿಯಲ್ಲಿ ‘25 ಮಿಲಿಮೀಟರ್ ಕುಳಿತೀತು’ ಎಂದು ಬರೆದದ್ದು ನಿಜವಾಗಿ ಎಷ್ಟು ಕುಳಿತಿತೆಂದು ಹೋಗಿ ಅಳೆದವರು ವಿರಳ. ಟರ್ಜಾಗಿಯವರು ಜೀವಮಾನವಿಡೀ ದಿನಚರಿ ಬರೆದಿಟ್ಟವರು. ನಮ್ಮ ಇಲಾಖೆಗಳಲ್ಲಿ ಎಂ.ಬಿ. (ಅಳತೆ ಪುಸ್ತಕ) ಬರೆಯುವ ಶಿಸ್ತು ಒಂದು ಶತಮಾನಕ್ಕೂ ಹಿಂದಿನಿಂದ ಬಂದಿದೆ, ಆದರೆ ಅದು ಹಣ ಪಾವತಿಗೆ ಬೇಕಾದ ಅಳತೆ. ‘ಇಂದು ಅಗೆದಾಗ ಪೂರ್ವದ ಮೂಲೆಯಲ್ಲಿ ನೀರು ಒಸರಿತು, ಕಾರಣ ತಿಳಿಯದು’ ಎಂಬ ವಾಕ್ಯಕ್ಕೆ ಅದರಲ್ಲಿ ಕಾಲಮ್ಮಿಲ್ಲ. ಅಂಥ ವಾಕ್ಯಗಳನ್ನು ಬರೆಯುವ ಪುಸ್ತಕವೊಂದನ್ನು ಕಿರಿಯನು ತನ್ನ ಕೈಯಲ್ಲಿ ಇಟ್ಟುಕೊಳ್ಳಬೇಕು. ವಾರಕ್ಕೊಮ್ಮೆ ಅದನ್ನು ಹಿರಿಯರು ಓದಿ, ಅಂಚಿನಲ್ಲಿ ತಮ್ಮ ಪ್ರಶ್ನೆ ಬರೆಯಬೇಕು.

ಇದಕ್ಕೆಲ್ಲ ವೇಳೆ ಎಲ್ಲಿದೆ, ಹಣ ಯಾರು ಕೊಡುತ್ತಾರೆಂಬ ಆಕ್ಷೇಪ ಸಹಜವೇ. ಮಣ್ಣಿನ ಪರೀಕ್ಷೆಯ ಟೆಂಡರಿನಲ್ಲಿ ಬೋರಿನ ಮೀಟರಿಗೆ ಇಷ್ಟು, ಎಸ್‌ಪಿಟಿ ಒಂದಕ್ಕೆ ಇಷ್ಟು, ಪ್ರಯೋಗಶಾಲೆಯ ಪರೀಕ್ಷೆಗೆ ಇಷ್ಟು ಎಂದು ಬಾಬ್ತುಗಳಿರುತ್ತವೆ. ತಿಳಿದ ಹಿರಿಯರೊಬ್ಬರು ಕಿರಿಯನೊಡನೆ ರಿಗ್ಗಿನ ಬಳಿ ಇರತಕ್ಕ ದಿನಗಳಿಗೆ ಮಾತ್ರ ಬಾಬ್ತಿಲ್ಲ. ಕಡಮೆ ದರದವನಿಗೇ ಕೆಲಸ ಹೋಗುವ ವ್ಯವಸ್ಥೆಯಲ್ಲಿ, ಅಂದಾಜುಪಟ್ಟಿಯಲ್ಲಿ ಇಲ್ಲದ ಖರ್ಚನ್ನು ಯಾರೂ ಕೈಯಿಂದ ಹಾಕಲಾರರು. ಆದುದರಿಂದ ಲೋಕೋಪಯೋಗಿ, ಜಲಸಂಪನ್ಮೂಲ ಇಲಾಖೆಗಳೂ ಮೆಟ್ರೋ ಮುಂತಾದ ನಿಗಮಗಳೂ, ಅಂದರೆ ನಾಡಿನಲ್ಲಿ ಅತ್ಯಂತ ಹೆಚ್ಚಾಗಿ ನೆಲ ಅಗೆಸುವವರು, ತಮ್ಮ ದರಪಟ್ಟಿಯಲ್ಲಿ ಈ ಬಾಬ್ತನ್ನು ಮೊದಲು ಸೇರಿಸಬೇಕು: ಪ್ರತಿ ಬೋರಿಗೂ ಸ್ಥಳದಲ್ಲಿದ್ದ ಕಿರಿಯ ಎಂಜಿನಿಯರರ ಹೆಸರು, ಅವರಿಗೆ ಹೊಣೆಯಾದ ಹಿರಿಯರ ಹೆಸರು, ಹಿರಿಯರು ಬಂದ ದಿನಾಂಕಗಳು, ದಾಖಲೆಯ ಮೇಲೆ ಇಬ್ಬರ ಸಹಿ. ನಿವೃತ್ತರಾಗಿ ಮನೆಯಲ್ಲಿರುವ ಎಷ್ಟೋ ಮಂದಿ ಅಧೀಕ್ಷಕ ಎಂಜಿನಿಯರರು, ಕಾಲೇಜುಗಳ ಹಿರಿಯ ಪ್ರಾಧ್ಯಾಪಕರು ಕರೆದರೆ ಬರಲು ಸಿದ್ಧರಿದ್ದಾರೆ. ಅವರಿಗೆ ದಿನದ ಗೌರವಧನವನ್ನೂ ಪ್ರಯಾಣವೆಚ್ಚವನ್ನೂ ಕೊಡುವುದಕ್ಕೆ ಆ ಒಂದು ಬಾಬ್ತಿನಿಂದ ಅವಕಾಶ ಸಿಗುತ್ತದೆ.